ಮೂಕಪ್ರಾಣಿಯ ನೋವು: 'ಗೊತ್ತಿರಲಿಲ್ಲ' ಎಂಬ ಉತ್ತರ ಸಾಕೇ?

ಮಾತು ಬಾರದ ಪ್ರಾಣಿಯೊಂದು ತನ್ನ ನೋವನ್ನು ಹೊರಗೆ ತೋರಿಸದಿದ್ದರೆ, ಅದನ್ನು ಸಾಕಿದವನು ಆ ನೋವಿಗೆ ಹೊಣೆಯಾಗುತ್ತಾನೆಯೇ? 'ನನಗೆ ಗೊತ್ತಿರಲಿಲ್ಲ' ಎಂಬ ಉತ್ತರ ನಾಳೆ ಅಲ್ಲಾಹನ ಮುಂದೆ ಸಾಕಾದೀತೇ? ಇದು ಬಹಳ ಸಣ್ಣ ಪ್ರಶ್ನೆಯೆಂದು ಹಲವರಿಗೆ ಅನಿಸಬಹುದು. ನಮ್ಮ ಮನೆಯಲ್ಲಿ ಕಳೆದ ವರ್ಷ ಒಂದು ಘಟನೆ ನಡೆಯುವ ತನಕ ನನಗೂ ಹಾಗೆಯೇ ಅನಿಸುತ್ತಿತ್ತು.

ಮಗಳ ಹಟಕ್ಕೆ ಸೋತು ನಾವು ಒಂದು ಜೋಡಿ ಗಿನಿಪಿಗ್ ತಂದಿದ್ದೆವು. ಮೊದಲ ಆಕ್ಷೇಪ ಬಂದದ್ದು ಉಮ್ಮನಿಂದ. "ಹೆಸರಿನಲ್ಲೇ ಹಂದಿ ಇರುವುದನ್ನು ನಮಾಝ್ ಮಾಡುವ ಮನೆಗೆ ಯಾಕೆ ತಂದೆ ಮಗಾ?" ಎಂದು ಅವರು ಕೇಳಿದರು. ಹಂದಿಗೂ ಈ ಜೀವಿಗೂ ಹೆಸರಿನ ಹೊರತು ಯಾವ ಸಂಬಂಧವೂ ಇಲ್ಲ. ಇದು ಇಲಿ, ಅಳಿಲುಗಳ ವರ್ಗಕ್ಕೆ ಸೇರಿದ, ಹುಲ್ಲು ಸೊಪ್ಪು ತಿಂದು ಬದುಕುವ ಪುಟ್ಟ ಪ್ರಾಣಿ. ಗಿನಿ ದೇಶದ್ದೂ ಅಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ ಪ್ರದೇಶದ ಜನರು ಸಾವಿರಾರು ವರ್ಷಗಳಿಂದ ಇದನ್ನು ಸಾಕುತ್ತಾ ಬಂದಿದ್ದಾರೆ. ಸ್ಪೇನಿನವರು ಆ ಕಡೆ ಹೋದ ಮೇಲೆ, 16ನೆಯ ಶತಮಾನದಲ್ಲಿ ಇದು ಯುರೋಪಿಗೆ ಬಂತು. ಇಷ್ಟೆಲ್ಲ ವಿವರಿಸಿದ ಮೇಲೆ ಉಮ್ಮ ಸುಮ್ಮನಾದರು. ವಾರ ಕಳೆಯುವಷ್ಟರಲ್ಲಿ ಕೊತ್ತಂಬರಿ ಸೊಪ್ಪಿನ ದಂಟನ್ನು ಅವಕ್ಕಾಗಿ ಎತ್ತಿಡಲು ಆರಂಭಿಸಿದವರೂ ಅವರೇ.

ಒಂದು ಆದಿತ್ಯವಾರ ಮನೆಗೆ ಬಂದ ನೆಂಟರ ಮಗುವಿನ ಕೈಯಿಂದ ಅವುಗಳಲ್ಲೊಂದು ಜಾರಿ ನೆಲಕ್ಕೆ ಬಿತ್ತು. ಬಿದ್ದ ಕೂಡಲೇ ಓಡಿ ಹೋಗಿ ಗೂಡಿನ ಮೂಲೆ ಸೇರಿತು. ರಕ್ತ ಕಾಣಲಿಲ್ಲ, ಕೂಗು ಕೇಳಿಸಲಿಲ್ಲ. "ಏನೂ ಆಗಿಲ್ಲ, ಓಡಿತಲ್ಲ!" ಎಂದು ನಾನೇ ಹೇಳಿದೆ. ಸಂಜೆ ಸೊಪ್ಪು ಹಾಕಿದಾಗ ಒಂದು ಮಾತ್ರ ಬಂತು. ಹೆದರಿದೆ, ನಾಳೆ ಸರಿಯಾಗುತ್ತದೆ ಎಂದುಕೊಂಡೆವು. ಮರುದಿನ ಅದು ಹುಲ್ಲಿನ ಬಳಿ ಕೂತು ಒಂದು ಎಸಳನ್ನು ಬಾಯಲ್ಲಿ ಹಿಡಿದಿತ್ತು. ತಿನ್ನುತ್ತಿದೆ ಎಂದು ನಮಗೆಲ್ಲ ಸಮಾಧಾನವಾಯಿತು. ಅದು ಜಗಿಯುತ್ತಿರಲಿಲ್ಲ ಎಂಬುದನ್ನು ಗಮನಿಸಿದವಳು ಮಗಳು. ಮೂರನೆಯ ದಿನ ಎಲ್ಲಿಗೆ ಒಯ್ಯುವುದೆಂದು ವಿಚಾರಿಸಿ, ಒಂದು ಕಡೆ "ಇಲ್ಲಿ ನಾಯಿ ಬೆಕ್ಕು ಮಾತ್ರ" ಎಂದು ಹೇಳಿಸಿಕೊಂಡು, ಇನ್ನೊಂದು ಕಡೆ ವೈದ್ಯರು ಸಿಗುವಾಗ ಸಂಜೆಯಾಗಿತ್ತು. ಬಿದ್ದ ಪೆಟ್ಟಿಗೆ ಮುಂದಿನ ಹಲ್ಲುಗಳು ಮುರಿದು ದವಡೆಗೂ ಏಟಾಗಿತ್ತು. ಎರಡು ದಿನ ಏನೂ ತಿನ್ನದೆ ಕರುಳಿನ ಚಲನೆಯೇ ನಿಂತುಹೋಗಿತ್ತು. ಮೊದಲ ದಿನವೇ ತಂದಿದ್ದರೆ ನೋವಿಗೆ ಔಷಧ ಕೊಟ್ಟು, ಗಂಜಿಯಂತೆ ಕಲಸಿದ ಆಹಾರವನ್ನು ಸಿರಿಂಜಿನಲ್ಲಿ ಕುಡಿಸಿ ಉಳಿಸಬಹುದಿತ್ತು ಎಂದು ವೈದ್ಯರು ಹೇಳಿದರು. ಅವರು ಗದರಿಸಲಿಲ್ಲ. ಗದರಿಸಿದ್ದರೆ ಹಗುರವಾಗುತ್ತಿತ್ತು. ಅದು ಆ ರಾತ್ರಿಯೇ ಸತ್ತಿತು.

ಬೀಳಿಸಿದ್ದು ಏನೂ ಅರಿಯದ ಮಗು. ಅದರ ಮೇಲೆ ತಪ್ಪಿಲ್ಲ. ಆದರೆ ಆಮೇಲಿನ ಎರಡು ದಿನಗಳು ಯಾರ ಲೆಕ್ಕಕ್ಕೆ?

ಪ್ರಾಣಿಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದನ್ನು ಇಸ್ಲಾಮ್ ತಡೆದಿಲ್ಲ. ಅನಸ್(ರ)ರ ಪುಟ್ಟ ತಮ್ಮ ಅಬೂ ಉಮೈರ್‌ನ ಬಳಿ ಒಂದು ಸಣ್ಣ ಹಕ್ಕಿಯಿತ್ತು. ಅದು ಸತ್ತು ಬಾಲಕನು ದುಃಖದಲ್ಲಿದ್ದಾಗ ಪ್ರವಾದಿವರ್ಯರು(ಸ) ಅವನನ್ನು ಮುದ್ದಾಗಿ ಕರೆದು ಆ ಹಕ್ಕಿಯ ಬಗ್ಗೆ ವಿಚಾರಿಸಿದ್ದು ಬುಖಾರಿ ಮತ್ತು ಮುಸ್ಲಿಮ್‌ನಲ್ಲಿ ವರದಿಯಾಗಿದೆ. ಶಾಫಿಈ ವಿದ್ವಾಂಸರಾದ ಇಬ್ನುಲ್ ಖಾಸ್ಸ್ ಅವರು ಈ ಒಂದು ಪುಟ್ಟ ಹದೀಸಿನಿಂದಲೇ ಅರುವತ್ತರಷ್ಟು ಪಾಠಗಳನ್ನು ಹೆಕ್ಕಿ ಪ್ರತ್ಯೇಕ ಗ್ರಂಥ ಬರೆದಿದ್ದಾರೆ. ಮಗುವಿಗೆ ಆಟಕ್ಕಾಗಿ ಹಕ್ಕಿಯನ್ನು ಇಟ್ಟುಕೊಳ್ಳಬಹುದೆಂಬುದು ಅವುಗಳಲ್ಲೊಂದು. ಲೋಕಕ್ಕೆಲ್ಲ ಅನುಗ್ರಹವಾಗಿ ಬಂದವರು ಒಂದು ಮಗುವಿನ ಸತ್ತ ಹಕ್ಕಿಯ ಬಗ್ಗೆ ಕೇಳಲು ಸಮಯ ಮಾಡಿಕೊಂಡರು ಎಂಬುದೇ ನಮ್ಮ ಕಾಲದ ಗಡಿಬಿಡಿಯ ತಂದೆತಾಯಿಗಳಿಗೆ ಸಾಕಷ್ಟು ದೊಡ್ಡ ಪಾಠ.

ಇನ್ನೊಂದು ಕಡೆ, ಬೆಕ್ಕನ್ನು ಕಟ್ಟಿಹಾಕಿ ಸಾಯಿಸಿದ ಸ್ತ್ರೀಯ ಹದೀಸ್ ಇದೆ. ಅದನ್ನು ನಾವೆಲ್ಲ ಮದ್ರಸದ ದಿನಗಳಿಂದಲೇ ಕೇಳಿದ್ದೇವೆ. ಆದರೆ ಅಲ್ಲಿ ಅಪರಾಧ ಯಾವುದೆಂದು ನಿಧಾನವಾಗಿ ನೋಡಿದವರು ಕಡಿಮೆ. ಬೆಕ್ಕಿಗೆ ಆಹಾರ ಕೊಡದಿರುವುದಷ್ಟೇ ಅಪರಾಧವಾಗಿದ್ದರೆ ಬೀದಿಯ ಎಲ್ಲ ಬೆಕ್ಕುಗಳ ವಿಷಯದಲ್ಲಿ ನಾವೆಲ್ಲರೂ ಅಪರಾಧಿಗಳು. ಆಕೆ ಅದನ್ನು ಬಂಧಿಸಿದಳು, ತಿನ್ನಲು ಕೊಡಲೂ ಇಲ್ಲ, ನೆಲದ ಹುಳು ಹುಪ್ಪಟೆಗಳನ್ನು ತಿಂದು ಬದುಕಿಕೊಳ್ಳಲೆಂದು ಬಿಡಲೂ ಇಲ್ಲ. ಅಂದರೆ ಬಾಗಿಲು ಮುಚ್ಚಿದ ಗಳಿಗೆಯಿಂದ ಆ ಜೀವದ ಅನ್ನಾಹಾರದ ಪೂರ್ತಿ ಹೊಣೆ ಮುಚ್ಚಿದವಳ ಮೇಲೆ ಬಂತು. ಪಂಜರದ ಚಿಲಕ ಹಾಕುವುದೆಂದರೆ ಒಂದು ಕರಾರಿಗೆ ರುಜು ಹಾಕಿದಂತೆ. ಕರಾರು ಓದದೆ ರುಜು ಹಾಕಿದೆ ಎಂದು ಯಾವ ನ್ಯಾಯಾಲಯದಲ್ಲಿ ಹೇಳಬಹುದು?

ಪ್ರವಾದಿ(ಸ)ರ ಜೀವನದಲ್ಲಿ ಒಂಟೆಗಳ ಕುರಿತ ಎರಡು ಘಟನೆಗಳು ಅಬೂದಾವೂದ್‌ನಲ್ಲಿವೆ. ಮೊದಲನೆಯದು ಹೆಚ್ಚು ಪ್ರಸಿದ್ಧ. ಅವರು ಅನ್ಸಾರಿಯೊಬ್ಬರ ತೋಟಕ್ಕೆ ಹೋದಾಗ ಅಲ್ಲಿದ್ದ ಒಂಟೆ ನರಳಿತು, ಅದರ ಕಣ್ಣುಗಳು ಹರಿದವು. ಪ್ರವಾದಿ(ಸ)ರು ಅದರ ಕಿವಿಯ ಹಿಂಭಾಗವನ್ನು ಸವರಿ ಸಮಾಧಾನಪಡಿಸಿದರು. ಬಳಿಕ ಯಜಮಾನನನ್ನು ಕರೆದು, ಅವನು ಅದನ್ನು ಹಸಿವಿನಲ್ಲಿಟ್ಟು ಅತಿಯಾಗಿ ದುಡಿಸುತ್ತಿದ್ದಾನೆಂದು ಅದು ದೂರಿಟ್ಟಿರುವುದಾಗಿ ಹೇಳಿ ಎಚ್ಚರಿಸಿದರು. ಎರಡನೆಯ ಘಟನೆಯನ್ನು ಸಹ್ಲ್ ಬಿನ್ ಹನ್ಝಲಿಯ್ಯ(ರ) ವರದಿ ಮಾಡಿದ್ದಾರೆ. ದಾರಿಯಲ್ಲಿ ಬೆನ್ನು ಹೊಟ್ಟೆಗೆ ಅಂಟಿಹೋದ ಒಂಟೆಯೊಂದು ಕಂಡಾಗ ಪ್ರವಾದಿ(ಸ)ರು ಈ ಮೂಕಪ್ರಾಣಿಗಳ ವಿಷಯದಲ್ಲಿ ಅಲ್ಲಾಹನನ್ನು ಭಯಪಡುವಂತೆ ಉಪದೇಶಿಸಿದರು. ಈ ಎರಡನೆಯ ಒಂಟೆ ದೂರು ಹೇಳಲಿಲ್ಲ, ನರಳಲಿಲ್ಲ, ಅತ್ತ ಬಗ್ಗೆಯೂ ವರದಿಯಿಲ್ಲ. ಅದರ ಮೈಯನ್ನು ನೋಡಿಯೇ ಅದರ ಸ್ಥಿತಿಯನ್ನು ತಿಳಿಯಲಾಯಿತು.

ಮೊದಲನೆಯದು ಪ್ರವಾದಿತ್ವಕ್ಕೆ ಸಂಬಂಧಿಸಿದ್ದು. ಅದು ನಮ್ಮಿಂದಾಗದು. ಎರಡನೆಯದು ಕಣ್ಣಿರುವ ಎಲ್ಲರಿಗೂ ಸಾಧ್ಯ. ನಾವು ಮೂಕಪ್ರಾಣಿ ಎಂಬ ಶಬ್ದವನ್ನು ಕನಿಕರದ ಶಬ್ದವಾಗಿ ಬಳಸಿಬಿಡುತ್ತೇವೆ. ಅದು ನಮ್ಮ ಕರ್ತವ್ಯವನ್ನು ಹೇಳುವ ಶಬ್ದ ಕೂಡ ಹೌದು. ಅದು ಹೇಳಲಾರದ ಕಾರಣ ನೀನು ನೋಡಬೇಕು.

ಗಿನಿಪಿಗ್‌ನ ವಿಷಯದಲ್ಲಂತೂ ಈ ನೋಡುವ ಕೆಲಸ ಕಷ್ಟದ್ದು. ಹದ್ದು, ನರಿಗಳ ಬಾಯಿಗೆ ಆಹಾರವಾಗುವ ಜೀವಿಯಿದು. ಹಿಂಡಿನಲ್ಲಿ ಕುಂಟುವುದನ್ನೇ ಬೇಟೆಗಾರ ಮೊದಲು ಹಿಡಿಯುವುದರಿಂದ, ನೋವನ್ನು ಅಡಗಿಸಿ ಆರೋಗ್ಯವಂತನಂತೆ ಕಾಣುವ ಸ್ವಭಾವವನ್ನು ಸೃಷ್ಟಿಕರ್ತನು ಅದಕ್ಕೆ ರಕ್ಷಣೆಯಾಗಿ ಕೊಟ್ಟಿದ್ದಾನೆ. ಬಯಲಿನಲ್ಲಿ ಅದನ್ನು ಕಾಯುವ ಆ ಗುಣ ನಮ್ಮ ಮನೆಯೊಳಗೆ ಅದರ ಶತ್ರುವಾಗುತ್ತದೆ. ನಾವು ಅದನ್ನು ನೋಡಿ "ಸುಮ್ಮನೆ ಕೂತಿದೆಯಲ್ಲ" ಎನ್ನುತ್ತೇವೆ.

ಸುಮ್ಮನೆ ಕೂರುವುದೇ ಮೊದಲ ಲಕ್ಷಣ ಎಂದು ನಾನು ತಡವಾಗಿ ಕಲಿತೆ. ಆರೋಗ್ಯದಲ್ಲಿರುವ ಗಿನಿಪಿಗ್ ಸೊಪ್ಪಿನ ಸದ್ದಿಗೆ, ಫ್ರಿಜ್ ತೆರೆಯುವ ಸದ್ದಿಗೆ 'ವೀಕ್ ವೀಕ್' ಎಂದು ಕೂಗುತ್ತಾ ಓಡಿ ಬರುತ್ತದೆ. ಆ ಕೂಗು ನಿಂತರೆ ಎಚ್ಚರವಾಗಬೇಕು. ಬೆನ್ನು ಗೂನಾಗಿ, ರೋಮ ನಿಮಿರಿ, ಕಣ್ಣು ಅರೆಮುಚ್ಚಿ, ಗೋಡೆಗೆ ಮುಖ ಮಾಡಿ ಕೂತಿದ್ದರೆ ಅದು ವಿಶ್ರಾಂತಿಯಲ್ಲ, ನೋವು. ಹಲ್ಲು ಕಡಿಯುವ ಸದ್ದೂ ಹಾಗೆಯೇ. ಗದ್ದ ಒದ್ದೆಯಾಗಿದ್ದರೆ ಬಾಯಲ್ಲೇನೋ ತೊಂದರೆಯಿದೆ ಎಂದರ್ಥ, ಏಕೆಂದರೆ ಇವುಗಳ ಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ. ಗೂಡಿನಲ್ಲಿ ಹಿಕ್ಕೆ ಕಡಿಮೆಯಾದರೆ ಅಥವಾ ತೀರ ಸಣ್ಣದಾದರೆ ಹೊಟ್ಟೆಗೆ ಆಹಾರ ಹೋಗಿಲ್ಲ. ಗೂಡು ಗುಡಿಸುವುದನ್ನು ಕೆಲಸದವರಿಗೆ ಬಿಟ್ಟರೆ ಈ ಒಂದು ಸಾಕ್ಷ್ಯ ಯಜಮಾನನಿಗೆ ಸಿಗುವುದೇ ಇಲ್ಲ. ಉಸಿರಾಟದಲ್ಲಿ ಗೊರಗೊರ ಸದ್ದು, ಒಂದು ಕಡೆಗೆ ವಾಲಿದ ತಲೆ, ಎಳೆಯುವ ಕಾಲು, ಮೂತ್ರದಲ್ಲಿ ರಕ್ತ, ಇವು ಯಾವುವೂ ನಾಳೆಗೆ ಮುಂದೂಡುವಂಥವಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಇವುಗಳ ಕರುಳು ನಿರಂತರ ಹುಲ್ಲು ಬೇಡುವಂಥದ್ದು. ಮನುಷ್ಯರು ಒಂದು ದಿನ ಉಪವಾಸವಿದ್ದರೆ ಪ್ರತಿಫಲವುಂಟು. ಇವು ಅರ್ಧ ದಿನ ತಿನ್ನದಿದ್ದರೆ ಅದೇ ತುರ್ತುಸ್ಥಿತಿ.

ರೋಮದ ಅಡಿಯಲ್ಲಿ ಗಾಯ ಅಡಗಿರುತ್ತದೆ. ಎರಡು ಗಂಡುಗಳು ಕಚ್ಚಾಡಿಕೊಂಡರೆ ಹೊರಗೆ ಕಾಣದ ಹಲ್ಲಿನ ಗುರುತು ಕೆಲವು ದಿನಗಳಲ್ಲಿ ಕೀವು ತುಂಬಿದ ಗಂಟಾಗುತ್ತದೆ. ಬೆರಳುಗಳಿಂದ ರೋಮ ಸರಿಸಿ ಮೈಯೆಲ್ಲ ತಡವಿ ನೋಡಬೇಕು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಒದ್ದೆಯಾದ ಹಿಂಭಾಗಕ್ಕೂ ಗಾಯಕ್ಕೂ ನೊಣ ಕೂತು ಹುಳ ಬೀಳುವ ಭಯವೂ ಇದೆ. ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ ಗಾಳಿಯಿಲ್ಲದ ಮೂಲೆಯಲ್ಲಿಟ್ಟರೆ ಉಷ್ಣವೇ ಕೊಲ್ಲುತ್ತದೆ. ವಿಟಮಿನ್ ಸಿ ಕೊರತೆಯಿಂದ ಕೀಲುಗಳು ನೋಯತೊಡಗಿ ನಡೆಯದಿರುವುದೂ ಉಂಟು. ಅದು ಏಟಿನಂತೆಯೇ ಕಾಣುತ್ತದೆ. ಮನುಷ್ಯನಂತೆ ಈ ಪ್ರಾಣಿಗೂ ಆ ವಿಟಮಿನನ್ನು ಮೈಯೊಳಗೆ ತಯಾರಿಸಿಕೊಳ್ಳಲು ಬರುವುದಿಲ್ಲ. ದೊಣ್ಣೆಮೆಣಸು, ಪೇರಳೆ, ಕೊತ್ತಂಬರಿ ಸೊಪ್ಪುಗಳಂಥವುಗಳಿಂದ ದಿನವೂ ಸಿಗಬೇಕು. 1907ರಲ್ಲಿ ನಾರ್ವೆಯ ಇಬ್ಬರು ವಿಜ್ಞಾನಿಗಳಾದ ಹೋಲ್ಸ್ಟ್ ಮತ್ತು ಫ್ರೋಲಿಖ್, ನಾವಿಕರನ್ನು ಕಾಡುತ್ತಿದ್ದ ಸ್ಕರ್ವಿ ರೋಗವನ್ನು ಗಿನಿಪಿಗ್‌ಗಳಲ್ಲಿ ಉಂಟುಮಾಡಿ ತೋರಿಸಿದ್ದರಿಂದಲೇ ಆ ರೋಗದ ಮೂಲ ಆಹಾರದ ಕೊರತೆಯಲ್ಲಿದೆ ಎಂಬುದು ಪ್ರಯೋಗದಿಂದ ತಿಳಿಯುವಂತಾಯಿತು. ನಮ್ಮ ಮಕ್ಕಳ ವಸಡು ಗಟ್ಟಿಯಾಗಿರುವುದರ ಹಿಂದೆ ಈ ಜೀವಿಯ ಋಣವೂ ಸ್ವಲ್ಪ ಇದೆ.

ಈಗ ಕಷ್ಟದ ಪ್ರಶ್ನೆಗೆ ಬರೋಣ. ಅಂಗಡಿಯಲ್ಲಿ 500 ರೂಪಾಯಿಗೆ ಸಿಗುವ ಪ್ರಾಣಿಗೆ 1500 ರೂಪಾಯಿ ಚಿಕಿತ್ಸೆ ಮಾಡಿಸುವುದು ದುಂದುವೆಚ್ಚವಲ್ಲವೇ? ಇದನ್ನು ನನ್ನಲ್ಲಿ ಕೇಳಿದವರು ಒಳ್ಳೆಯವರು, ದಾನಿಗಳು. "ಪಕ್ಕದ ಓಣಿಯಲ್ಲಿ ಔಷಧಕ್ಕೆ ಹಣವಿಲ್ಲದ ಮನುಷ್ಯರಿದ್ದಾರೆ ಭಾಯಿ" ಎಂದರು. ಆ ಮಾತಿನಲ್ಲಿ ಸತ್ಯವಿದೆ. ಅದನ್ನು ಹಗುರವಾಗಿ ತಳ್ಳಿಹಾಕುವವನು ನಾನಲ್ಲ. ಆದರೆ ಲೆಕ್ಕ ಹಾಕುವ ರೀತಿಯಲ್ಲಿ ತಪ್ಪಿದೆ. ಪಕ್ಕದ ಓಣಿಯ ರೋಗಿಗೆ ನಾನು ಕೊಡುವುದು ಝಕಾತ್ ಅಥವಾ ಸದಕದಿಂದ. ನನ್ನ ಗೂಡಿನೊಳಗಿನ ಪ್ರಾಣಿಗೆ ಸಲ್ಲಬೇಕಾದದ್ದು ನನ್ನ ಮನೆಖರ್ಚಿನಿಂದ. ಅದು ನನ್ನ ಅವಲಂಬಿ. ಹೆಂಡತಿ ಮಕ್ಕಳ ಖರ್ಚಿನಷ್ಟು ದೊಡ್ಡದಲ್ಲವಾದರೂ ಅದೇ ಪಟ್ಟಿಯ ಕೊನೆಯಲ್ಲಿ ಬರುವ ಬಾಕಿ. ಅದರ ಔಷಧದ ಹಣ ಬಡವನ ಪಾಲಿನಿಂದ ಬರಬೇಕಾಗಿಲ್ಲ, ನಮ್ಮ ಹೋಟೆಲಿನ ಬಿರಿಯಾನಿಯಿಂದ ಬರಬಹುದು. ಬಡವನನ್ನು ನೆನೆಯುವುದು ಪ್ರಾಣಿಯ ಚಿಕಿತ್ಸೆಯ ವೇಳೆ ಮಾತ್ರ, ಮದುವೆ ಹಾಲಿನ ಅಲಂಕಾರದ ವೇಳೆ ಅಲ್ಲ ಎಂದಾದರೆ ಆ ನೆನಪಿನ ಬಗ್ಗೆಯೂ ನಾವು ಆತ್ಮಾವಲೋಕನ ಮಾಡಿಕೊಳ್ಳಬೇಕಾಗಿದೆ.

ಬೆಲೆಯ ವಿಷಯವೂ ಹಾಗೆಯೇ. 500 ರೂಪಾಯಿ ಎಂಬುದು ಅಂಗಡಿಯವನ ಲೆಕ್ಕ. ಮುರಿದ ದವಡೆಯ ನೋವಿಗೂ ಆ ಚೀಟಿಗೂ ಸಂಬಂಧವಿಲ್ಲ. 1262ರಲ್ಲಿ ಕೈರೋದಲ್ಲಿ ನಿಧನರಾದ ಇಮಾಮ್ ಇಝ್ಝುದ್ದೀನ್ ಬಿನ್ ಅಬ್ದುಸ್ಸಲಾಮ್ ತಮ್ಮ 'ಖವಾಇದುಲ್ ಅಹ್ಕಾಮ್' ಗ್ರಂಥದಲ್ಲಿ ಮನುಷ್ಯರ ಮೇಲೆ ಪ್ರಾಣಿಗಳಿಗಿರುವ ಹಕ್ಕುಗಳನ್ನು ಎಣಿಸಿದ್ದಾರೆ. ಪ್ರಾಣಿ ಮುದಿಯಾಗಿ ಅಥವಾ ರೋಗಿಯಾಗಿ ಅದರಿಂದ ಯಾವ ಪ್ರಯೋಜನವೂ ಇಲ್ಲದಾದಾಗಲೂ ಅದಕ್ಕಾಗಿ ಖರ್ಚು ಮಾಡಬೇಕೆಂಬುದು ಅವುಗಳಲ್ಲೊಂದು. ಅದನ್ನು ಮುರಿಯುವ, ಹಾಯುವ, ಗಾಯಗೊಳಿಸುವ ಪ್ರಾಣಿಗಳ ಜೊತೆ, ಅವು ಅದೇ ಜಾತಿಯವಾದರೂ, ಒಂದೇ ಕಡೆ ಇಡಬಾರದೆಂಬುದು ಇನ್ನೊಂದು. ಕಚ್ಚಾಡುವ ಎರಡು ಗಂಡುಗಳನ್ನು ಒಂದೇ ಗೂಡಿನಲ್ಲಿಟ್ಟು "ತಾವೇ ಸರಿಮಾಡಿಕೊಳ್ಳಲಿ" ಎನ್ನುವವರು ಇದನ್ನು ಗಮನಿಸಬೇಕು. ಸಾಕಲಾಗದವನು ಪ್ರಾಣಿಯನ್ನು ಮಾರಿಬಿಡುವಂತೆ ನ್ಯಾಯಾಧೀಶನು ಒತ್ತಾಯಿಸಬಹುದೆಂಬುದು ಶಾಫಿಈ ಫಿಕ್ಹ್‌ನಲ್ಲಿರುವ ಮಾತು. ಹನಫಿಗಳಲ್ಲಿ ಇಮಾಮ್ ಅಬೂ ಯೂಸುಫ್ ಅವರ ಅಭಿಪ್ರಾಯವೂ ಒತ್ತಾಯದ ಪರವಾಗಿದೆ. ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೂ ಪ್ರಾಣಿ ಯಾರ ವಶದಲ್ಲಿದೆಯೋ ಅವರ ಮೇಲೆ ಅದರ ಯೋಗಕ್ಷೇಮದ ಹೊಣೆ ಹೊರಿಸಿದೆ.

ಮನುಷ್ಯನಿಗೇ ಚಿಕಿತ್ಸೆ ಪಡೆಯುವುದು ಕಡ್ಡಾಯವೇ ಎಂಬಲ್ಲಿ ಫುಖಹಾಗಳ ನಡುವೆ ಅಭಿಪ್ರಾಯಭೇದವಿರುವಾಗ ಪ್ರಾಣಿಗೆ ಹೇಗೆ ಕಡ್ಡಾಯ ಎಂದು ಒಬ್ಬ ಓದಿದ ಸ್ನೇಹಿತರು ಕೇಳಿದರು. ಒಳ್ಳೆಯ ಪ್ರಶ್ನೆ. ಮೂರ್ಛೆರೋಗದ ಸ್ತ್ರೀಯೊಬ್ಬರು ಪ್ರವಾದಿ(ಸ)ರ ಬಳಿ ಬಂದಾಗ, ಸಹನೆಯಿಂದಿದ್ದು ಸ್ವರ್ಗ ಪಡೆಯುವ ಅಥವಾ ಗುಣವಾಗಲು ಪ್ರಾರ್ಥಿಸಿಕೊಳ್ಳುವ ಆಯ್ಕೆ ಅವರ ಮುಂದಿಡಲಾಯಿತು. ಅವರು ಸಹನೆಯನ್ನು ಆರಿಸಿಕೊಂಡರು. ಆರಿಸಿಕೊಂಡವರು ಅವರು, ನೋವೂ ಅವರದೇ, ಪ್ರತಿಫಲವೂ ಅವರದೇ. ನಾನು ನನ್ನ ಜ್ವರಕ್ಕೆ ಔಷಧ ಬೇಡವೆಂದರೆ ಅದು ನನ್ನ ಸಬ್ರ್ ಆದೀತು. ಗಿನಿಪಿಗ್‌ನ ಮುರಿದ ಹಲ್ಲಿಗೆ ನಾನು ಔಷಧ ಬೇಡವೆಂದರೆ ಅದು ಯಾರ ಸಬ್ರ್? ಇನ್ನೊಬ್ಬರ ನೋವಿನ ಮೇಲೆ ಸಹನೆ ತೋರಿಸುವುದು ಬಹಳ ಸುಲಭ. ಅದಿರಲಿ, ಚಿಕಿತ್ಸೆಯ ಚರ್ಚೆಯನ್ನೇ ಬದಿಗಿಟ್ಟರೂ ಆಹಾರ ಕೊಡಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಬಾಯಿ ಮುಚ್ಚಲಾಗದ ಪ್ರಾಣಿಯ ಮುಂದೆ ಹುಲ್ಲು ಸುರಿದರೆ ಆಹಾರ ಕೊಟ್ಟಂತಾಯಿತೇ? ಅದಕ್ಕೆ ಆಹಾರ ತಲುಪುವ ದಾರಿ ವೈದ್ಯರ ಬಾಗಿಲಿನಿಂದಲೇ ಹೋಗುತ್ತದೆ.

ವೈದ್ಯರ ಬಳಿ ಹೋಗುವಾಗಲೂ ತಿಳಿದಿರಬೇಕಾದ ಸಂಗತಿಗಳಿವೆ. ನಮ್ಮಲ್ಲಿ ಹೆಚ್ಚಿನ ಪಶುವೈದ್ಯರು ದನ, ಮೇಕೆ, ನಾಯಿಗಳನ್ನೇ ನೋಡುವವರು. ಗಿನಿಪಿಗ್‌ಗೆ ಚಿಕಿತ್ಸೆ ಮಾಡಿ ಅನುಭವವಿದೆಯೇ ಎಂದು ಮೊದಲೇ ಫೋನಿನಲ್ಲಿ ಕೇಳಬೇಕು. ಕೇಳುವುದರಲ್ಲಿ ಅಗೌರವವಿಲ್ಲ. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಹತ್ತಿರದಲ್ಲಿ ಯಾರನ್ನು ಕಾಣಬಹುದೆಂದು ಅಲ್ಲಿ ವಿಚಾರಿಸಿ ನೋಡಬಹುದು. ಇದನ್ನೆಲ್ಲ ಪ್ರಾಣಿ ತರುವ ಮೊದಲೇ ಮಾಡಬೇಕು, ನಮ್ಮಂತೆ ಬಿದ್ದ ಮೂರನೆಯ ದಿನವಲ್ಲ. ಮನೆಯಲ್ಲಿ ಉಳಿದ ಔಷಧವನ್ನಂತೂ ಕೊಡಲೇಬಾರದು. ನೆರೆಯವರೊಬ್ಬರು ಪ್ರೀತಿಯಿಂದಲೇ ತಮ್ಮ ಮಗುವಿಗೆ ತಂದಿದ್ದ ಅಮಾಕ್ಸಿಸಿಲಿನ್ ಸಿರಪ್ ತಂದುಕೊಟ್ಟಿದ್ದರು. ಪೆನಿಸಿಲಿನ್ ಜಾತಿಯ ಔಷಧಗಳನ್ನು ಬಾಯಿಯ ಮೂಲಕ ಕೊಟ್ಟರೆ ಇವುಗಳ ಕರುಳಿನ ಉಪಕಾರಿ ಜೀವಾಣುಗಳು ನಾಶವಾಗಿ ಪ್ರಾಣಿಯೇ ಸಾಯಬಹುದೆಂದು ಆಮೇಲೆ ತಿಳಿಯಿತು. ಗಾಳಿಯಾಡುವ ಪೆಟ್ಟಿಗೆಯಲ್ಲಿ ಬಟ್ಟೆ, ಹುಲ್ಲು ಹಾಕಿ, ಸಾಧ್ಯವಾದರೆ ಜೊತೆಗಾರನನ್ನೂ ಇಟ್ಟು ಒಯ್ಯಬೇಕು. ಒಂಟಿಯಾದರೆ ಹೆದರಿಕೆ ಹೆಚ್ಚುತ್ತದೆ. ಮಕ್ಕಳು ನೆಲದ ಮೇಲೆ ಕೂತು, ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಇಟ್ಟು ಎತ್ತಬೇಕು. ಈ ಒಂದು ಮಾತನ್ನು ನಾನು ಆ ಆದಿತ್ಯವಾರ ಹೇಳಿದ್ದರೆ ಸಾಕಿತ್ತು.

ಉಳಿದ ಗಿನಿಪಿಗ್‌ಗೆ ಒಂಟಿತನ ಆಗಬಾರದೆಂದು ಇನ್ನೊಂದನ್ನು ತರೋಣ ಎಂದು ಮಗಳು ಕೇಳುತ್ತಿದ್ದಾಳೆ. ಇವು ಗುಂಪಿನಲ್ಲಿ ಬದುಕುವ ಜೀವಿಗಳು, ಅವಳು ಹೇಳುವುದು ನ್ಯಾಯವೇ. ಆದರೆ ಐದಾರು ವರ್ಷ ಬದುಕುವ ಇನ್ನೊಂದು ಜೀವಕ್ಕೆ ಹೊಣೆಯಾಗುವ ಮೊದಲು, ಇರುವುದನ್ನು ನೋಡಿಕೊಳ್ಳಲು ಕಲಿಯೋಣ ಎಂದು ಹೇಳಿದ್ದೇನೆ. ಅಡುಗೆಮನೆಗೆ ತಂದ ತೂಕದ ಯಂತ್ರ ಈಗ ಗೂಡಿನ ಪಕ್ಕದಲ್ಲಿದೆ. ನೋವನ್ನು ಅಡಗಿಸಬಲ್ಲ ಪ್ರಾಣಿ ತೂಕವನ್ನು ಅಡಗಿಸಲಾರದು ಎಂದು ಅದೇ ವೈದ್ಯರು ಹೇಳಿಕೊಟ್ಟಿದ್ದರು. ಪ್ರತಿ ಶುಕ್ರವಾರ ಜುಮಾಕ್ಕೆ ಹೊರಡುವ ಮುಂಚೆ ಮಗಳು ತೂಗಿ ನೋಟ್‌ಪುಸ್ತಕದಲ್ಲಿ ಬರೆಯುತ್ತಾಳೆ.

ಹಿಂದಿನ ವಾರ 865 ಗ್ರಾಂ ಇದ್ದದ್ದು ಕಳೆದ ಶುಕ್ರವಾರ 840 ಆಗಿತ್ತು. "ಉಪ್ಪಾ, ಡಾಕ್ಟರಿಗೆ ಫೋನ್ ಮಾಡ್ಬೇಕಾ?" ಎಂದು ಕೇಳಿದಳು. ನಾಳೆ ನೋಡೋಣ ಎನ್ನುವ ಮಾತು ಬಾಯಿಯ ತನಕ ಬಂದಿತ್ತು. ಫೋನ್ ಮಾಡಿದೆ. ಇಷ್ಟು ಏರಿಳಿತ ಇರುತ್ತದೆ, ತಿನ್ನುತ್ತಿದೆಯೇ, ಹಿಕ್ಕೆ ಸರಿಯಿದೆಯೇ ನೋಡಿ, ಮೂರು ದಿನ ದಿನವೂ ತೂಗಿ, ಇಳಿಯುತ್ತಲೇ ಹೋದರೆ ಕರೆತನ್ನಿ ಎಂದರು. ಶನಿವಾರ ಬೆಳಿಗ್ಗೆ 850 ಇತ್ತು.